ಪೌರಸಭೆಯೂ ನಿವೃತ್ತ ಪೋಲೀಸ್ ಅಧಿಕಾರಿಯೂ

ಮೂವತ್ತು ವರ್ಷಗಳ ಕಾಲ ಖಾಕಿಯ ಉಡುಪನ್ನು ಧರಿಸಿ, ಊರಿನ ಕಳ್ಳಕಾಕರಿಗೆ ಭಯವನ್ನೂ ಸಾಧುಜನರಿಗೆ ಧೈರ್ಯವನ್ನೂ ಕೊಟ್ಟು, ಅರುವತ್ತನೆಯ ವಯಸ್ಸಿನಲ್ಲಿ ವಿಶ್ರಾಂತಿವೇತನವನ್ನು ಪಡೆದ ಅಧಿಕಾರಿಯೊಬ್ಬರು ಒಂದು ಮುಂಜಾನೆ ಬಿಳಿಯ ಅಂಗಿಯನ್ನು ತೊಟ್ಟು, ಕೈಗಳನ್ನು ಜೋಡಿಸಿಕೊಂಡು, ನಮ್ಮ ಮನೆಯ ಜಗಲಿಗೆ ಬಂದು, ‘ಈ ಸಲ ಕಾರ್ಪೊರೇಶನಿಗೆ ನಿಂತಿದ್ದೇನೆ, ತಮ್ಮ ಮತವನ್ನು ನನಗೆ ಕೊಡಬೇಕು’ ಎಂದು ಕೇಳಿದರೆಂದು ಭಾವಿಸೋಣ. ನಾವು ಏನನ್ನು ಉತ್ತರ ಹೇಳತಕ್ಕದ್ದು? ಮನೆಯ ಹಿರಿಯರು ಕುರ್ಚಿಯನ್ನು ಎಳೆದು ಕೂರಿಸುವರು. ಹೆಂಗಸರು ಒಳಗಿನಿಂದ ಚಹಾ ತರುವರು. ಮಕ್ಕಳು ಕಂಬದ ಮರೆಯಲ್ಲಿ ನಿಂತು ನೋಡುವರು. ಆದರೆ ಅವರು ಗೇಟು ದಾಟಿ ಹೋದ ಮೇಲೆ ಮನೆಯೊಳಗೆ ನಡೆಯುವ ಮಾತೇ ನಿಜವಾದ ಮಾತು. ‘ಒಳ್ಳೆಯ ಮನುಷ್ಯ, ಶಿಸ್ತಿನವರು’ ಎಂದು ಒಬ್ಬರು ಹೇಳಿದರೆ, ‘ಮತ ಕೊಡುವುದಿಲ್ಲವೆಂದು ಅವರ ಎದುರಿನಲ್ಲಿ ಹೇಳುವ ಧೈರ್ಯ ನಮಗೆ ಉಂಟೆ?’ ಎಂದು ಇನ್ನೊಬ್ಬರು ಕೇಳುವರು. ಈ ಎರಡು ಮಾತುಗಳ ನಡುವೆ ಪೌರಜೀವನದ ಒಂದು ದೊಡ್ಡ ಪ್ರಶ್ನೆಯು ಅಡಗಿಕೊಂಡಿರುವುದು. ಅದನ್ನೇ ಇಂದು ನಮ್ಮ ವಾಚಕರ ಮುಂದೆ ಇಡಲು ಬಯಸುತ್ತೇವೆ.

ಮೊದಲು ಹಕ್ಕಿನ ವಿಚಾರವನ್ನು ಮುಗಿಸಿಬಿಡೋಣ. ಸೇವೆಯಲ್ಲಿರುವ ಪೋಲೀಸ್ ನೌಕರನು ಯಾವ ಪಕ್ಷಕ್ಕೂ ಸೇರಕೂಡದು, ಯಾವ ಚುನಾವಣೆಗೂ ನಿಲ್ಲಕೂಡದು, ಇದು ನಿಯಮ. ನಿವೃತ್ತನಾದ ಮರುದಿನವೇ ಅವನು ಸಾಮಾನ್ಯ ಪೌರನು. ಅವನಿಗೂ ನಮ್ಮೆಲ್ಲರಂತೆಯೇ ಉಮೇದುವಾರಿಕೆಯ ಹಕ್ಕು ಉಂಟು. ಅಖಿಲ ಭಾರತ ಸೇವೆಯ ಉಚ್ಚಾಧಿಕಾರಿಯು ನಿವೃತ್ತಿಯ ತರುವಾಯ ಖಾಸಗಿ ವ್ಯಾಪಾರ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಬೇಕಾದರೆ ಒಂದು ವರ್ಷದೊಳಗೆ ಸರಕಾರದ ಅಪ್ಪಣೆ ಬೇಕೆಂದು ನಿಯಮವಿರುವಾಗ, ರಾಜಕೀಯಕ್ಕೆ ಇಳಿಯಲು ಅಂತಹ ಯಾವ ಬಿಡುವೂ ಬೇಡವೆಂಬುದು ವಿಚಿತ್ರವಾಗಿ ಕಾಣುವುದು. ಚುನಾವಣಾ ಆಯೋಗವು 2012ರಲ್ಲಿ ಇಂತಹ ಒಂದು ಬಿಡುವಿನ ಕಾಲವನ್ನು ಗೊತ್ತುಪಡಿಸಬೇಕೆಂದು ಸೂಚಿಸಿದ್ದರೂ ಕೇಂದ್ರ ಸರಕಾರವು ಅದನ್ನು ಒಪ್ಪಲಿಲ್ಲ. 2022ರಲ್ಲಿ ಈ ವಿಷಯವು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, ಇದು ಶಾಸನ ಮಾಡುವವರ ವಿವೇಚನೆಗೆ ಬಿಟ್ಟುದೆಂದು ಹೇಳಿ ನ್ಯಾಯಾಲಯವು ಅರ್ಜಿಯನ್ನು ತಳ್ಳಿಹಾಕಿತು. ಆದುದರಿಂದ ಹಕ್ಕಿನ ಬಗ್ಗೆ ವಾದವಿಲ್ಲ. ಉಳಿಯುವುದು ಯೋಗ್ಯತೆಯ ವಿಚಾರ. ಅದನ್ನು ತೀರ್ಮಾನಿಸತಕ್ಕವರು ಮತದಾರರು.

ಯೋಗ್ಯತೆಯನ್ನು ಅಳೆಯಬೇಕಾದರೆ ಅವರು ಬಿಟ್ಟುಬಂದ ಮನೆ ಯಾವುದು, ಹೊಗಲಿರುವ ಮನೆ ಯಾವುದು ಎಂಬುದನ್ನು ತಿಳಿಯಬೇಕು. ನಮ್ಮ ದೇಶದ ಪೋಲೀಸ್ ವ್ಯವಸ್ಥೆಯ ತಳಹದಿಯು 1861ರ ಶಾಸನ. 1857ರ ದಂಗೆಯನ್ನು ಕಂಡು ಬೆದರಿದ್ದ ಪರಕೀಯ ಸರಕಾರವು ಪ್ರಜೆಗಳನ್ನು ಹತೋಟಿಯಲ್ಲಿಡಲು ಕಟ್ಟಿದ ಯಂತ್ರವದು. ಅದರಲ್ಲಿ ಆಜ್ಞೆಯು ಮೇಲಿನಿಂದ ಕೆಳಕ್ಕೆ ಇಳಿಯುವುದು. ಕೆಳಗಿನವನು ಮೇಲಿನವನಿಗೆ ಉತ್ತರ ಕೊಡುವನೇ ಹೊರತು ಬೀದಿಯ ಮನುಷ್ಯನಿಗೆ ಉತ್ತರ ಕೊಡುವುದಿಲ್ಲ. ಸ್ವರಾಜ್ಯ ಬಂದು, 1963ರಲ್ಲಿ ನಮ್ಮ ರಾಜ್ಯಕ್ಕೆ ಬೇರೆ ಪೋಲೀಸ್ ಶಾಸನವಾದರೂ ಆ ಯಂತ್ರದ ಚಲನೆಯ ಕ್ರಮವು ಬಹುಮಟ್ಟಿಗೆ ಹಾಗೆಯೇ ಉಳಿದಿರುವುದನ್ನು ಎಲ್ಲರೂ ಬಲ್ಲರು.

ಪೌರಸಭೆಯ ಜಾಯಮಾನವೇ ಬೇರೆ. ಮಂಗಳೂರಿಗೆ ಮುನಿಸಿಪಾಲಿಟಿಯು ಬಂದುದು 1866ರಲ್ಲಿ, ನಾವು ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ. ಆರಂಭದಲ್ಲಿ ಅದೂ ಸರಕಾರದ ನೆರಳೇ ಆಗಿದ್ದಿತು. 1882ರಲ್ಲಿ ಲಾರ್ಡ್ ರಿಪನ್ನನು ಸ್ಥಳೀಯ ಸ್ವಯಮಾಡಳಿತದ ನಿರ್ಣಯವನ್ನು ಹೊರಡಿಸಿದ ಮೇಲೆ ಜನರು ತಮ್ಮ ಪ್ರತಿನಿಧಿಗಳನ್ನು ತಾವೇ ಆರಿಸುವ ತತ್ವವು ಮೆಲ್ಲಮೆಲ್ಲನೆ ಬೇರೂರಿತು. ನಮ್ಮ ರಾಷ್ಟ್ರನಾಯಕರು ಈ ಸಣ್ಣ ಸಭೆಗಳನ್ನು ಸಣ್ಣವೆಂದು ತಿರಸ್ಕರಿಸಲಿಲ್ಲ. ರಾಜಾಜಿಯವರು 1917ರಿಂದ ಸೇಲಂ ಮುನಿಸಿಪಾಲಿಟಿಯ ಅಧ್ಯಕ್ಷರಾಗಿದ್ದರು. ಜವಾಹರಲಾಲರು 1923ರಲ್ಲಿ ಅಲಹಾಬಾದಿನಲ್ಲಿಯೂ, ವಲ್ಲಭಭಾಯಿಯವರು 1924ರಲ್ಲಿ ಅಹಮದಾಬಾದಿನಲ್ಲಿಯೂ ಚರಂಡಿ, ನೀರು, ತೆರಿಗೆಗಳ ಲೆಕ್ಕವನ್ನು ನೋಡಿದರು. ಅದೇ 1924ರಲ್ಲಿ ದೇಶಬಂಧು ದಾಸರು ಕಲಕತ್ತೆಯ ಮೇಯರರಾದರು. ಅವರ ಕೆಳಗೆ ಮುಖ್ಯ ಕಾರ್ಯನಿರ್ವಾಹಕರಾಗಿದ್ದ ಸುಭಾಷಚಂದ್ರ ಬೋಸರನ್ನು ಆ ವರ್ಷದ ಅಕ್ಟೋಬರಿನಲ್ಲಿ ಪೋಲೀಸರು ಬಂಧಿಸಿ ಒಯ್ದರು. ಪೌರಸಭೆಯೂ ಪೋಲೀಸ್ ಠಾಣೆಯೂ ಎದುರುಬದುರಾಗಿ ನಿಂತಿದ್ದ ಕಾಲವದು. ಆ ಕಾಲವು ಕಳೆಯಿತು. ಆದರೆ ಒಂದು ಆಜ್ಞೆಯ ಮನೆ, ಇನ್ನೊಂದು ಸಮಾಲೋಚನೆಯ ಮನೆ ಎಂಬ ಭೇದವು ಕಳೆಯಲಿಲ್ಲ.

1980ರಲ್ಲಿ ಮಂಗಳೂರು ಮಹಾನಗರಪಾಲಿಕೆಯ ಪದವಿಗೆ ಏರಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಪೌರಸಭೆಗಳಿಗೆ ಸಂವಿಧಾನದಲ್ಲಿಯೇ ಸ್ಥಾನವನ್ನು ಕೊಟ್ಟು, ಅವುಗಳಿಗೆ ಒಪ್ಪಿಸಬಹುದಾದ 18 ಕಾರ್ಯಗಳನ್ನು ಪಟ್ಟಿಮಾಡಿ, ಐದು ವರ್ಷಗಳ ಅವಧಿಯು ಮುಗಿಯುವ ಮೊದಲೇ ಹೊಸ ಚುನಾವಣೆಯನ್ನು ನಡೆಸತಕ್ಕದ್ದೆಂದು ವಿಧಿಸಿತು. ವಿಧಿಸಿದುದು ಒಂದು, ನಡೆದುದು ಇನ್ನೊಂದು. ನಮ್ಮ ಊರಿನ ಹಿಂದಿನ ಸಭೆಯ ಅವಧಿಯು 2019ರ ಮಾರ್ಚಿಯಲ್ಲಿ ತೀರಿದರೂ ಚುನಾವಣೆ ನಡೆದುದು ಆ ವರ್ಷದ ನವೆಂಬರ್ 12ರಂದು. 60 ಸ್ಥಾನಗಳಲ್ಲಿ ಭಾರತೀಯ ಜನತಾ ಪಕ್ಷಕ್ಕೆ 44, ಕಾಂಗ್ರೆಸ್ಸಿಗೆ 14, ಎಸ್.ಡಿ.ಪಿ.ಐ.ಗೆ 2 ದೊರೆತವು. ಮೇಯರರ ಆಯ್ಕೆಯಾಗಿ ಸಭೆಯು ಕೆಲಸಕ್ಕೆ ತೊಡಗಿದಾಗ 2020ರ ಫೆಬ್ರವರಿ ಮುಗಿಯುತ್ತಲಿದ್ದಿತು. ನಡುವಣ ಆ ಒಂದು ವರ್ಷದಲ್ಲಿ, 2019ರ ಆಗಸ್ಟಿನ ಮಳೆಗೆ ಪಚ್ಚನಾಡಿಯ ಕಸದ ರಾಶಿಯು ಜರಿದು ಮಂದಾರದ ಅಡಿಕೆ ತೆಂಗಿನ ತೋಟಗಳನ್ನೂ ಮನೆಗಳನ್ನೂ ನುಂಗಿತು. ತಲೆತಲಾಂತರದಿಂದ ಅಲ್ಲಿ ಬಾಳಿದ ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಅಂದು ಅವರ ಪರವಾಗಿ ಎದ್ದುನಿಂತು ‘ಈ ರಾಶಿಯನ್ನು ಇಷ್ಟೆತ್ತರಕ್ಕೆ ಬೆಳೆಯಗೊಟ್ಟವರು ಯಾರು?’ ಎಂದು ಕೇಳಲು ಸಭೆಯೇ ಇರಲಿಲ್ಲ. ಆ ಸಭೆಯ ಅವಧಿಯೂ 2025ರ ಫೆಬ್ರವರಿಯಲ್ಲಿ ತೀರಿ, ಆಡಳಿತವು ಪುನಃ ಸರಕಾರವು ನೇಮಿಸಿದ ಆಡಳಿತಾಧಿಕಾರಿಯ ಕೈಗೆ ಹೋಯಿತು. ಅಧಿಕಾರಿಗಳ ಆಳಿಕೆಯು ಹೇಗಿರುವುದೆಂಬ ಅನುಭವವು ನಮಗೆ ಬೇಕಾದಷ್ಟು ಉಂಟು. ಅಧಿಕಾರಿಯಾಗಿದ್ದವರೇ ಜನಪ್ರತಿನಿಧಿಯಾಗಲು ಹೊರಟಾಗ ನಾವು ಒಂದು ಗಳಿಗೆ ನಿಂತು ಯೋಚಿಸಬೇಕೆನ್ನುವುದು ಈ ಕಾರಣದಿಂದಲೇ.

ಪೋಲೀಸ್ ಅಧಿಕಾರಿಯು ಪೌರಸಭೆಗೆ ತರಬಹುದಾದ ಗುಣಗಳು ಅಲ್ಪವಲ್ಲ. ಬಂದರು, ಪಾಂಡೇಶ್ವರ, ಕದ್ರಿ, ಉರ್ವ, ಕಂಕನಾಡಿ ಠಾಣೆಗಳಲ್ಲಿ ದುಡಿದವನಿಗೆ ಊರಿನ ಓಣಿ ಓಣಿಯೂ ಗೊತ್ತು. ಯಾವ ತಿರುವಿನಲ್ಲಿ ದೀಪವಿಲ್ಲ, ಯಾವ ಕಾಲುದಾರಿಯಲ್ಲಿ ಹಲಗೆ ಮುರಿದಿದೆ, ಮಳೆಗಾಲದಲ್ಲಿ ಕೊಟ್ಟಾರಚೌಕಿಯ ತೋಡು ಯಾವಾಗ ಉಕ್ಕುವುದು, ನಡುರಾತ್ರಿಯಲ್ಲಿ ಕಸದ ಲಾರಿ ಎಲ್ಲಿ ನಿಲ್ಲುವುದು ಎಂಬುದನ್ನು ನಿದ್ದೆಗೆಟ್ಟು ಕಂಡವರಲ್ಲಿ ಅವನು ಮೊದಲಿಗನು. 2018ರ ಮೇ 29ರ ಮಳೆಗೆ ನಗರವು ಕೆರೆಯಾದ ದಿನ ಜನರನ್ನು ಎತ್ತಿ ದಡ ಸೇರಿಸಿದವರಲ್ಲಿ ಖಾಕಿ ತೊಟ್ಟವರೂ ಇದ್ದರು. ಇದಲ್ಲದೆ, ಮಹಜರು ಬರೆದು ಪಳಗಿದ ಕೈಗೆ ಕಾಗದಪತ್ರಗಳ ಭಯವಿಲ್ಲ. ಕಾನೂನಿನ ಕಲಮುಗಳನ್ನು ತೋರಿಸಿ ಅವನ ಬಾಯಿ ಮುಚ್ಚಿಸುವುದು ಗುಮಾಸ್ತರಿಗೆ ಸುಲಭವಲ್ಲ. ಗುತ್ತಿಗೆದಾರನ ಲೆಕ್ಕದಲ್ಲಿ ಎಲ್ಲಿ ಸುಳ್ಳು ನುಸುಳಿದೆ ಎಂಬುದನ್ನು ಮೂಸಿ ತಿಳಿಯುವ ಶಕ್ತಿಯೂ ಅವನಿಗೆ ಉಂಟು. ಇವೆಲ್ಲವೂ ನಗರಕ್ಕೆ ಬೇಕಾದ ಗುಣಗಳು.

ಆದರೆ ಕಾರ್ಪೊರೇಟರನ ಕೈಯಲ್ಲಿ ಇರುವ ಅಧಿಕಾರವೆಷ್ಟು? 5 ಲಕ್ಷಕ್ಕೆ ಹತ್ತಿರದ ಜನಸಂಖ್ಯೆಯ ಊರಿನಲ್ಲಿ ಅವನು 60 ಮಂದಿಯಲ್ಲಿ ಒಬ್ಬನು; ಎಂದರೆ ಸುಮಾರು 8 ಸಾವಿರ ಜನರ ಬಾಯಿ. ಪಾಲಿಕೆಯ ಕಾರ್ಯನಿರ್ವಹಣೆಯ ಅಧಿಕಾರವು ಸರಕಾರವು ನೇಮಿಸಿದ ಕಮಿಶನರರದು. ಇಂಜಿನಿಯರನನ್ನು ವರ್ಗ ಮಾಡಲು ಅವನಿಂದಾಗದು. ಕಂಟ್ರಾಕ್ಟರನ ಬಿಲ್ಲನ್ನು ತಡೆಯಲು ಸಭೆಯಲ್ಲಿ ಇತರರ ಬೆಂಬಲ ಬೇಕು. ಮೇಯರರ ಪದವಿಯೋ ಒಂದೇ ವರ್ಷದ್ದು. 2020ರಿಂದ 2025ರ ವರೆಗಿನ ಸಭೆಯು ಐವರು ಮೇಯರರನ್ನು ಕಂಡಿತು. ಅಷ್ಟರಲ್ಲಿ ಒಬ್ಬೊಬ್ಬರಿಗೂ ಕಡತಗಳ ಪರಿಚಯವಾಗುವಾಗಲೇ ಬೀಳ್ಕೊಡುಗೆಯ ಹಾರ! ಇಂತಹ ಸಭೆಯಲ್ಲಿ ‘ಹೀಗೆ ಮಾಡು’ ಎಂದು ಅಪ್ಪಣೆ ಕೊಟ್ಟರೆ ಯಾರೂ ಕದಲರು. ಕೇಳಬೇಕು, ಒಪ್ಪಿಸಬೇಕು, ಸೋಲಬೇಕು, ಮರುತಿಂಗಳು ಪುನಃ ಅದೇ ವಿಷಯವನ್ನು ಎತ್ತಬೇಕು. ಒಂದು ಶಿಳ್ಳೆಗೆ ಹತ್ತು ಮಂದಿ ಸಾಲಾಗಿ ನಿಲ್ಲುವುದನ್ನು ಕಂಡವನಿಗೆ ಇದು ಹೊಸ ವಿದ್ಯೆ. ಅರುವತ್ತು ದಾಟಿದ ಮೇಲೆ ಹೊಸ ವಿದ್ಯೆಯನ್ನು ಕಲಿಯುವವರು ಇಲ್ಲವೆಂದು ನಾವು ಹೇಳುವುದಿಲ್ಲ. ಕಲಿಯಬೇಕೆಂಬ ಮನಸ್ಸು ಇದೆಯೋ ಎಂದು ಕೇಳುತ್ತೇವೆ.

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಸ್ಟೇಟ್ ಬ್ಯಾಂಕಿನ ಬಳಿಯೋ ಹಂಪನಕಟ್ಟೆಯಲ್ಲಿಯೋ ಕಾಲುದಾರಿಯ ಮೇಲೆ ಹಣ್ಣಿನ ಬುಟ್ಟಿಯನ್ನಿಟ್ಟು ಕೂತ ಹೆಂಗಸನ್ನು ಪೋಲೀಸ್ ಅಧಿಕಾರಿಯು ಸಂಚಾರಕ್ಕೆ ಅಡ್ಡಿಯೆಂದು ನೋಡಿದನು, ಎಬ್ಬಿಸಿದನು, ಅವನ ಕರ್ತವ್ಯವು ಅಲ್ಲಿಗೆ ಮುಗಿಯಿತು. ಕಾರ್ಪೊರೇಟರನಿಗೆ ಹಾಗೆ ಮುಗಿಯದು. 2014ರ ಬೀದಿಬದಿ ವ್ಯಾಪಾರಿಗಳ ಶಾಸನದಂತೆ ಊರೂರಿಗೆ ಪಟ್ಟಣ ವ್ಯಾಪಾರ ಸಮಿತಿಯಾಗಬೇಕು; ಅದರಲ್ಲಿ ಶೇಕಡಾ 40ಕ್ಕೆ ಕಡಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು; ಎಣಿಕೆ ನಡೆದು ಗುರುತಿನ ಪತ್ರ ಕೊಡುವ ಮುಂಚೆ ಅವರನ್ನು ಎಬ್ಬಿಸಕೂಡದು. ಎಂದರೆ ನಿನ್ನೆ ಯಾರನ್ನು ಲಾಠಿಯ ತುದಿಯಿಂದ ಸರಿಸಿದ್ದನೋ ಅವರೇ ಇಂದು ಮೇಜಿನ ಸುತ್ತ ಅವನಿಗೆ ಸಮನಾಗಿ ಕೂರುವರು. ನಡೆಯುವವನಿಗೆ ದಾರಿಯೂ ಬೇಕು, ಮಾರುವವಳಿಗೆ ಜಾಗವೂ ಬೇಕು, ಅಂಗಡಿಯವನ ಬಾಡಿಗೆಯೂ ದಂಡವಾಗಬಾರದು. ಮೂವರನ್ನೂ ಕೂರಿಸಿ ಒಂದು ತೀರ್ಮಾನಕ್ಕೆ ಬರುವುದೇ ಪೌರಾಡಳಿತವು. ಅಲ್ಲಿ ‘ನಡೆ, ನಡೆ’ ಎಂಬ ಎರಡು ಶಬ್ದಗಳು ಸಾಲವು.

ನೀರಿನ ಮಾತೂ ಹಾಗೆಯೇ. ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಕಿಂಡಿ ಅಣೆಕಟ್ಟೇ ನಗರದ ಕುಡಿನೀರಿನ ಆಧಾರ. 2019ರಲ್ಲಿಯೂ 2023ರಲ್ಲಿಯೂ ಬೇಸಿಗೆಯ ಕೊನೆಗೆ ಅಲ್ಲಿಯ ನೀರು ಇಳಿದು, ಸರದಿಯ ಮೇಲೆ ನೀರನ್ನು ಬಿಡಬೇಕಾಯಿತು. ಆಗ ಗುಡ್ಡದ ಮೇಲಿನ ಮನೆಗೆ ನೀರು ಏರದು. ತಗ್ಗಿನ ಮನೆಯ ತೊಟ್ಟಿ ತುಂಬಿ ಹರಿಯುವುದು. ಇದನ್ನು ಸರಿಪಡಿಸಲು ಯಾರನ್ನು ಬಂಧಿಸತಕ್ಕದ್ದು? ಕೊಳವೆಯ ನಕ್ಷೆಯನ್ನು ಓದಬೇಕು, ಟ್ಯಾಂಕಿನ ಕೀಲಿಯನ್ನು ತಿರುಗಿಸುವವನ ವೇಳಾಪಟ್ಟಿಯನ್ನು ನೋಡಬೇಕು, ನೆರೆಯ ವಾರ್ಡಿನ ಸದಸ್ಯನೊಡನೆ ಒಡಂಬಡಿಕೆಗೆ ಬರಬೇಕು. ಊರಿನ ಅನೇಕ ಕಷ್ಟಗಳಿಗೆ ಅಪರಾಧಿಯೇ ಇಲ್ಲ. ಆಲಸ್ಯ ಉಂಟು, ಅವಿವೇಕ ಉಂಟು, ಹಣದ ಕೊರತೆ ಉಂಟು. ಅಪರಾಧಿಯನ್ನು ಹುಡುಕಿ ಪಳಗಿದ ಕಣ್ಣಿಗೆ ಇದು ಬೇಗನೆ ಕಾಣದಿರಬಹುದು.

ನಮ್ಮ ನಾಡಿನ ಅನುಭವವು ಏನನ್ನು ಹೇಳುವುದು? ಖಾಕಿಯನ್ನು ಬಿಟ್ಟು ರಾಜಕೀಯಕ್ಕೆ ಬಂದವರು ಕರ್ನಾಟಕದಲ್ಲಿ ಹಲವರಿದ್ದಾರೆ. ಮಿಜೋರಾಮಿನಿಂದ ಬಂದು ನಮ್ಮ ರಾಜ್ಯದಲ್ಲಿ ಸೇವೆ ಸಲ್ಲಿಸಿದ ಎಚ್.ಟಿ. ಸಾಂಗ್ಲಿಯಾನರ ಹೆಸರು ಶಂಕರನಾಗರ ಚಲನಚಿತ್ರದಿಂದ ಮನೆಮಾತಾಯಿತು; 2004ರಲ್ಲಿ ಅವರು ಭಾರತೀಯ ಜನತಾ ಪಕ್ಷದಿಂದ ಬೆಂಗಳೂರು ಉತ್ತರದಲ್ಲಿ ನಿಂತು ಜಾಫರ್ ಷರೀಫರಂತಹ ಹಳೆಯ ಹುಲಿಯನ್ನು ಸೋಲಿಸಿ ಲೋಕಸಭೆಗೆ ಹೋದರು. 2008ರ ಜುಲೈಯಲ್ಲಿ ವಿಶ್ವಾಸಮತದ ಸಂದರ್ಭದಲ್ಲಿ ಪಕ್ಷದ ಆಜ್ಞೆಯನ್ನು ಮೀರಿ ಮತವಿತ್ತು ಉಚ್ಚಾಟಿತರಾದರು. 2009ರಲ್ಲಿ ಕಾಂಗ್ರೆಸ್ಸಿನಿಂದ ನಿಂತು ಸೋತರು. ಆಜ್ಞಾಪಾಲನೆಯೇ ಧರ್ಮವೆನ್ನುವ ಇಲಾಖೆಯಿಂದ ಬಂದವರಿಗೆ ಪಕ್ಷದ ಆಜ್ಞೆಯು ಒಗ್ಗದೆ ಹೋದುದು ಯೋಚನೆಗೆ ಗ್ರಾಸವಲ್ಲವೆ? ಸಬ್ ಇನ್‌ಸ್ಪೆಕ್ಟರರಾಗಿದ್ದ ಬಿ.ಸಿ. ಪಾಟೀಲರು ಚಿತ್ರರಂಗದ ದಾರಿಯಿಂದ ಬಂದು 2004ರಲ್ಲಿ ಹಿರೇಕೆರೂರಿನ ಶಾಸಕರಾದರು, ಮುಂದೆ ಮಂತ್ರಿಗಳೂ ಆದರು.

ನಮ್ಮ ಕರಾವಳಿಗೆ ಸಮೀಪದ ಎರಡು ನಿದರ್ಶನಗಳಿವೆ. ಕೂಡ್ಲಿಗಿಯಲ್ಲಿ ಡಿ.ವೈ.ಎಸ್.ಪಿ. ಆಗಿದ್ದ ಉಡುಪಿ ಸೀಮೆಯ ಅನುಪಮಾ ಶೆಣೈಯವರು 2016ರಲ್ಲಿ ರಾಜೀನಾಮೆಯನ್ನಿತ್ತು, ತಮ್ಮದೇ ಒಂದು ಪಕ್ಷವನ್ನು ಕಟ್ಟಿ, 2018ರಲ್ಲಿ ಕಾಪು ಕ್ಷೇತ್ರದಿಂದ ವಿಧಾನಸಭೆಗೆ ನಿಂತರು, ಗೆಲವು ದೊರೆಯಲಿಲ್ಲ. ಉಡುಪಿಯಲ್ಲಿ ಪೋಲೀಸ್ ವರಿಷ್ಠರಾಗಿ ಜನಾನುರಾಗವನ್ನು ಗಳಿಸಿದ್ದ ಕೆ. ಅಣ್ಣಾಮಲೈಯವರು 2019ರಲ್ಲಿ ಸೇವೆಯನ್ನು ಬಿಟ್ಟು ತಮಿಳುನಾಡಿನಲ್ಲಿ ಭಾರತೀಯ ಜನತಾ ಪಕ್ಷದ ರಾಜ್ಯಾಧ್ಯಕ್ಷರಾದರು. ಆದರೆ 2021ರಲ್ಲಿ ಅರವಕುರಿಚಿಯಲ್ಲಿಯೂ 2024ರಲ್ಲಿ ಕೊಯಮುತ್ತೂರಿನಲ್ಲಿಯೂ ಮತದಾರರು ಅವರನ್ನು ಆರಿಸಲಿಲ್ಲ. ಅಧಿಕಾರಿಯಾಗಿದ್ದಾಗ ದೊರೆತ ಜಯಕಾರವು ಮತಪೆಟ್ಟಿಗೆಗೆ ತಾನಾಗಿ ಇಳಿಯದೆಂಬುದು ಇದರಿಂದ ಸ್ಪಷ್ಟ. ಇನ್ನೊಂದು ಮಾತು: ಇವರೆಲ್ಲರ ದೃಷ್ಟಿಯೂ ವಿಧಾನಸಭೆ, ಲೋಕಸಭೆಗಳ ಮೇಲೆ ಬಿದ್ದಿತು. ಚರಂಡಿಯೂ ಬೀದಿದೀಪವೂ ಇರುವ ವಾರ್ಡಿನ ಕಡೆಗೆ ನೋಡುವವರು ವಿರಳ. ಹೀಗಿರುವಾಗ ದೊಡ್ಡ ಗಾದಿಯನ್ನು ಬಯಸದೆ ವಾರ್ಡಿನ ಸೇವೆಗೆ ಸಿದ್ಧನೆಂದು ಬರುವ ನಿವೃತ್ತ ಅಧಿಕಾರಿಯು ಅಷ್ಟರಮಟ್ಟಿಗೆ ಮೆಚ್ಚತಕ್ಕವನೇ ಸರಿ.

ವಾರ್ಡಿನಿಂದಲೇ ತೊಡಗಿ ಹೆಸರಾದ ಪೋಲೀಸ್ ಅಧಿಕಾರಿಯ ಕಥೆಯೊಂದು ಸಮುದ್ರದಾಚೆ ಸಿಗುವುದು. ಅಮೆರಿಕೆಯ ಟೆಕ್ಸಾಸಿನಲ್ಲಿ 1917ರಲ್ಲಿ ಬಡ ನೀಗ್ರೋ ಗೇಣಿದಾರರ ಮನೆಯಲ್ಲಿ ಹುಟ್ಟಿದ ಟಾಮ್ ಬ್ರಾಡ್ಲಿಯು ಗುಲಾಮನೊಬ್ಬನ ಮೊಮ್ಮಗನು. ಆತನು 1940ರಲ್ಲಿ ಲಾಸ್ ಏಂಜಲೀಸ್ ನಗರದ ಪೋಲೀಸ್ ಪಡೆಗೆ ಸೇರಿ, ಇಪ್ಪತ್ತೊಂದು ವರ್ಷ ದುಡಿದು, ಲೆಫ್ಟಿನೆಂಟನ ದರ್ಜೆಗೆ ಏರಿದನು. ಕರಿಯರಿಗೆ ಅದಕ್ಕಿಂತ ಮೇಲಿನ ಮೆಟ್ಟಿಲು ಆಗ ದುರ್ಲಭವಾಗಿದ್ದಿತು. ರಾತ್ರಿಯ ವೇಳೆಯಲ್ಲಿ ಕಾನೂನನ್ನು ಓದಿ ವಕೀಲನಾದನು. 1961ರಲ್ಲಿ ನಗರಸಭೆಯ ತೆರವಾದ ಸ್ಥಾನವೊಂದನ್ನು ತನಗೆ ಕೊಡಬೇಕೆಂದು ಕೇಳಿದಾಗ ಸಭೆಯು ಬೇರೊಬ್ಬನನ್ನು ನೇಮಿಸಿತು. ಬ್ರಾಡ್ಲಿಯು ಮುನಿಸಿಕೊಂಡು ಕೂರದೆ ಮನೆಮನೆಗೆ ನಡೆದನು. 1963ರಲ್ಲಿ ಅದೇ ಮನುಷ್ಯನನ್ನು ಚುನಾವಣೆಯಲ್ಲಿ ಸೋಲಿಸಿ ಸಭೆಯನ್ನು ಹೊಕ್ಕನು. ಅವನಿಗೆ ಮತವಿತ್ತವರಲ್ಲಿ ಕರಿಯರೂ ಬಿಳಿಯರೂ ಜಪಾನಿ ಮೂಲದವರೂ ಇದ್ದರು.

ಅನಂತರ ನಡೆದುದೇ ನಮಗೆ ಮುಖ್ಯವಾದುದು. 1965ರಲ್ಲಿ ಆ ನಗರದ ವಾಟ್ಸ್ ಎಂಬ ಭಾಗದಲ್ಲಿ ದೊಡ್ಡ ದೊಂಬಿಯಾಯಿತು. ಹಳೆಯ ಪೋಲೀಸನು ಪೋಲೀಸರ ಪಕ್ಷವನ್ನೇ ಹಿಡಿಯುವನೆಂದು ಎಣಿಸಿದವರಿಗೆ ಆಶ್ಚರ್ಯವಾಯಿತು. ಇಲಾಖೆಯ ನಡತೆಯನ್ನು ಸಭೆಯಲ್ಲಿ ಎಲ್ಲರಿಗಿಂತ ಖಂಡಿತವಾಗಿ ಪ್ರಶ್ನಿಸಿದವನು ಬ್ರಾಡ್ಲಿಯೇ. ಒಳಗಿನ ಗುಟ್ಟನ್ನು ಬಲ್ಲವನಾದುದರಿಂದ ಅವನ ಪ್ರಶ್ನೆಯನ್ನು ತಳ್ಳಿಹಾಕುವುದು ಪೋಲೀಸ್ ಮುಖ್ಯಸ್ಥನಿಗೆ ಕಷ್ಟವಾಯಿತು. 1969ರಲ್ಲಿ ಮೇಯರ್ ಪದವಿಗೆ ನಿಂತು ಸೋತು, 1973ರಲ್ಲಿ ಗೆದ್ದು, 1993ರ ವರೆಗೆ ಐದು ಅವಧಿ ಮೇಯರನಾಗಿದ್ದನು. ಅಷ್ಟಾದರೂ ಅವನ ಊರಿನ ಪೋಲೀಸ್ ವ್ಯವಸ್ಥೆಯು ಸಂಪೂರ್ಣವಾಗಿ ತಿದ್ದಿಕೊಳ್ಳಲಿಲ್ಲ. 1991ರಲ್ಲಿ ರಾಡ್ನಿ ಕಿಂಗನನ್ನು ಪೋಲೀಸರು ಬಡಿದ ಪ್ರಕರಣವೂ 1992ರ ದೊಂಬಿಯೂ ಅವನ ಕೊನೆಯ ವರ್ಷಗಳನ್ನು ಕಹಿ ಮಾಡಿದವು. ಪೋಲೀಸ್ ಮುಖ್ಯಸ್ಥನ ಅಧಿಕಾರಾವಧಿಗೆ ಮಿತಿಯನ್ನು ಹಾಕುವ ತಿದ್ದುಪಡಿಯನ್ನು ಆ ನಗರದ ಜನರು 1992ರಲ್ಲಿ ತಾವೇ ಮತವಿತ್ತು ಅಂಗೀಕರಿಸಿದರು. ಒಬ್ಬ ಒಳ್ಳೆಯ ಮನುಷ್ಯನಿಂದ ಎಲ್ಲವೂ ಸರಿಯಾಗುವುದೆಂದು ನಂಬುವವರು ಈ ಕಡೆಯ ಭಾಗವನ್ನೂ ಓದಬೇಕು. ಆದರೂ ಬ್ರಾಡ್ಲಿಯಿಂದ ನಾವು ಒಂದು ಅಳತೆಗೋಲನ್ನು ಪಡೆಯಬಹುದು: ನಿವೃತ್ತ ಅಧಿಕಾರಿಯು ತಾನು ಬಿಟ್ಟುಬಂದ ಇಲಾಖೆಗೆ ವಕೀಲನಾಗುವನೋ, ತನ್ನನ್ನು ಆರಿಸಿದ ಜನರಿಗೆ ವಕೀಲನಾಗುವನೋ ಎಂಬುದೇ ಆ ಅಳತೆ.

ಈ ಅಳತೆಯು ಮಂಗಳೂರಿಗೆ ಬೇರೆ ಯಾವ ಊರಿಗಿಂತಲೂ ಅವಶ್ಯವೆಂದು ನಮಗೆ ತೋರುವುದು. ಕೊಂಕಣಿ, ತುಳು, ಬ್ಯಾರಿ, ಕನ್ನಡ ಮಾತುಗಳು ಒಂದೇ ಸಂತೆಯಲ್ಲಿ ಬೆರೆಯುವ ಈ ಊರಿನ ಸೌಹಾರ್ದಕ್ಕೆ ಬಿದ್ದ ಪೆಟ್ಟುಗಳು ಸಣ್ಣವಲ್ಲ. 2008ರ ಸೆಪ್ಟೆಂಬರಿನಲ್ಲಿ ಕ್ರೈಸ್ತರ ಪ್ರಾರ್ಥನಾಮಂದಿರಗಳ ಮೇಲೆ ದಾಳಿಗಳಾದವು; 2009ರ ಜನವರಿ 24ರಂದು ಮದ್ಯಗೃಹವೊಂದರಲ್ಲಿ ಯುವತಿಯರ ಮೇಲೆ ಹಲ್ಲೆಯಾಗಿ ದೇಶವೇ ನಮ್ಮ ಕಡೆಗೆ ತಿರುಗಿ ನೋಡಿತು; 2010ರಲ್ಲಿ ನಗರಕ್ಕೆ ಪೋಲೀಸ್ ಕಮಿಶನರರ ವ್ಯವಸ್ಥೆ ಬಂದಿತು; 2019ರ ಡಿಸೆಂಬರ್ 19ರಂದು ಪೌರತ್ವ ಶಾಸನದ ವಿರುದ್ಧದ ಪ್ರತಿಭಟನೆಯ ದಿನ ಪೋಲೀಸರ ಗುಂಡಿಗೆ ಇಬ್ಬರು ಪ್ರಾಣ ತೆತ್ತರು. ಈ ಘಟನೆಗಳಲ್ಲಿ ಯಾರದು ಎಷ್ಟು ತಪ್ಪೆಂಬ ವಿಚಾರಣೆಯನ್ನು ನಾವು ಇಲ್ಲಿ ಮಾಡಲು ಹೊರಟಿಲ್ಲ. ಒಂದೇ ಬೀದಿಯಲ್ಲಿ ಖಾಕಿಯನ್ನು ಕಂಡರೆ ಒಂದು ಮನೆಗೆ ಧೈರ್ಯವೂ ಪಕ್ಕದ ಮನೆಗೆ ಅಂಜಿಕೆಯೂ ಹುಟ್ಟುವ ಸ್ಥಿತಿಯು ಇರುವುದಾದರೆ, ಆ ಬೀದಿಯಿಂದ ಆರಿಸಿ ಬರಲಿಚ್ಛಿಸುವ ನಿವೃತ್ತ ಅಧಿಕಾರಿಯು ಮೊತ್ತಮೊದಲು ಹೋಗತಕ್ಕುದು ಆ ಎರಡನೆಯ ಮನೆಗೆ. ಅಲ್ಲಿಯ ಜಗಲಿಯಲ್ಲಿ ಅವನಿಗೆ ಕುರ್ಚಿ ಸಿಗದಿರಬಹುದು. ನಿಂತೇ ಮಾತಾಡಲಿ. ಪ್ರತಿಬಂಧಕಾಜ್ಞೆಯನ್ನು ಹೊರಡಿಸಿ ಐವರು ಗುಂಪು ಸೇರದಂತೆ ತಡೆಯುತ್ತಲಿದ್ದ ಇಲಾಖೆಯವನು ಇಂದು ಐವರನ್ನು ಕೂಡಿಸಲು ಬೀದಿ ಬೀದಿ ಅಲೆಯುವುದರಲ್ಲಿ ಪ್ರಜಾಪ್ರಭುತ್ವದ ಒಂದು ನ್ಯಾಯವೂ ಇಲ್ಲದಿಲ್ಲ.

ಇಷ್ಟು ಹೇಳಿದ ಮೇಲೆ ಮತದಾರರು ಇಂತಹ ಅಭ್ಯರ್ಥಿಯನ್ನು ಏನೇನು ಕೇಳಬೇಕೆಂಬುದನ್ನೂ ಹೇಳುವುದು ನಮ್ಮ ಕರ್ತವ್ಯವು. ನಾಮಪತ್ರದೊಡನೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಆಸ್ತಿ, ಸಾಲ, ವಿದ್ಯೆ, ಕ್ರಿಮಿನಲ್ ಮೊಕದ್ದಮೆಗಳ ವಿವರವಿರುವುದು. ಮೂವತ್ತು ವರ್ಷಗಳ ಸೇವೆಯ ಚರಿತ್ರೆಯು ಅದರಲ್ಲಿ ಕಾಣದು. ಆದುದರಿಂದ, ತಮ್ಮ ಮೇಲೆ ಇಲಾಖೆಯ ವಿಚಾರಣೆಗಳು ನಡೆದಿದ್ದವೋ, ನಡೆದಿದ್ದರೆ ಅವುಗಳ ಫಲವೇನು ಎಂಬುದನ್ನು ತಾವಾಗಿಯೇ ಪ್ರಕಟಿಸಲು ಒಪ್ಪುವಿರೋ ಎಂದು ಕೇಳಬೇಕು. ಶುದ್ಧವಾದ ಸೇವೆಯುಳ್ಳವರಿಗೆ ಇದರಿಂದ ಲಾಭವೇ ಹೊರತು ನಷ್ಟವಿಲ್ಲ. ಎರಡನೆಯದಾಗಿ, ಗೆದ್ದ ಮೇಲೆ ಠಾಣೆಯ ಹಳೆಯ ಶಿಷ್ಯರಿಂದ ಸ್ವಂತ ಕೆಲಸಗಳನ್ನು ಮಾಡಿಸಿಕೊಳ್ಳುವುದಿಲ್ಲವೆಂದೂ, ರಾಜಕೀಯ ವಿರೋಧಿಯ ಮೇಲೆ ಠಾಣೆಯಲ್ಲಿ ಪಿಸುಮಾತಾಡುವುದಿಲ್ಲವೆಂದೂ ಮಾತು ಕೊಡುವಿರೋ ಎಂದು ಕೇಳಬೇಕು. ಮೂರನೆಯದು ವಾರ್ಡ್ ಸಮಿತಿಯ ವಿಚಾರ. ಶಾಸನದಂತೆ ಕಾರ್ಪೊರೇಟರನೇ ಅದರ ಅಧ್ಯಕ್ಷನು. ಅವನೊಡನೆ ಹತ್ತು ಮಂದಿ ಪೌರರು, ಅವರಲ್ಲಿ ಹೆಂಗಸರೂ ಪರಿಶಿಷ್ಟರೂ ನಿವಾಸಿಗಳ ಸಂಘದವರೂ ಇರಬೇಕು. ಆ ಸಮಿತಿಯನ್ನು ತಿಂಗಳು ತಿಂಗಳೂ ಕರೆದು, ವಾರ್ಡಿಗೆ ಬಂದ ಹಣ ಎಷ್ಟು, ಖರ್ಚಾದುದು ಎಷ್ಟು ಎಂಬುದನ್ನು ಓದಿ ಹೇಳುವಿರೋ? ಇಲ್ಲಿಯೇ ಗಟ್ಟಿಕಾಳು, ಜೊಳ್ಳು ಬೇರೆಯಾಗುವುವು. ಪ್ರಶ್ನೆ ಕೇಳಿ ಅಭ್ಯಾಸವಾದವನಿಗೆ ಪ್ರಶ್ನೆಗೆ ಉತ್ತರ ಕೊಡುವ ತಾಳ್ಮೆ ಇದೆಯೋ ಎಂಬುದು ಮೊದಲನೆಯ ಸಮಿತಿಯ ಕೂಟದಲ್ಲಿಯೇ ತಿಳಿದುಹೋಗುವುದು.

ಪಕ್ಷಗಳವರಿಗೂ ಒಂದು ಮಾತು. ಖಾಕಿಯ ವರ್ಚಸ್ಸು ನಾಲ್ಕು ಮತ ತರುವುದೆಂಬ ಒಂದೇ ಲೆಕ್ಕದಿಂದ ನಿವೃತ್ತ ಅಧಿಕಾರಿಗೆ ಚೀಟಿಯನ್ನು ಕೊಟ್ಟು, ಹದಿನೈದು ವರ್ಷ ವಾರ್ಡಿನ ತೋಡು ಬದಿಯಲ್ಲಿ ಕೆಸರು ತುಳಿದ ಕಾರ್ಯಕರ್ತನನ್ನು ಹಿಂದಕ್ಕೆ ತಳ್ಳುವುದು ನ್ಯಾಯವಲ್ಲ. ಕಾರ್ಯಕರ್ತನಿಗೂ ಅಷ್ಟೇ: ‘ಇವರು ಹೊರಗಿನವರು’ ಎಂಬ ಒಂದೇ ಕೂಗಿನಿಂದ ಸಮರ್ಥನನ್ನು ಓಡಿಸುವುದೂ ನ್ಯಾಯವಲ್ಲ. ನಿವೃತ್ತಿಯ ಮರುದಿನ ಧ್ವಜ ಹಿಡಿಯುವವನ ಸೇವಾಕಾಲದ ನಿಷ್ಪಕ್ಷಪಾತದ ಮೇಲೆ ಸಂದೇಹ ಬರುವುದು ಸಹಜ. ಆ ಸಂದೇಹವು ಅವನೊಬ್ಬನಿಗೆ ಮಾತ್ರ ತಗಲದೆ, ಇನ್ನೂ ಸೇವೆಯಲ್ಲಿರುವ ಪ್ರಾಮಾಣಿಕರ ಮೇಲೂ ಬೀಳುವುದು. ಶಾಸನವು ಬಿಡುವಿನ ಕಾಲವನ್ನು ವಿಧಿಸದಿದ್ದರೂ ಆತ್ಮಸಾಕ್ಷಿಯು ವಿಧಿಸಬಹುದು. ಒಂದೆರಡು ವರ್ಷ ಖಾಲಿ ಕೈಯಲ್ಲಿ ವಾರ್ಡಿನಲ್ಲಿ ನಡೆದಾಡಿ, ಪಡಿತರದ ಅಂಗಡಿಯ ಸಾಲಿನಲ್ಲಿ ನಿಂತು, ಪಾಲಿಕೆಯ ಕಿಟಿಕಿಯ ಎದುರು ಅರ್ಜಿ ಹಿಡಿದು ಕಾದು, ‘ನಾಳೆ ಬನ್ನಿ’ ಎಂಬ ಉತ್ತರದ ರುಚಿಯನ್ನು ಕಂಡು ಬಂದರೆ ಅಂತಹ ಅಧಿಕಾರಿಯು ಒಳ್ಳೆಯ ಕಾರ್ಪೊರೇಟರನಾಗುವುದರಲ್ಲಿ ನಮಗೆ ಸಂದೇಹವಿಲ್ಲ.

ಕೊನೆಗೆ ಆ ಜಗಲಿಗೇ ಮರಳೋಣ. ಬಂದವರಿಗೆ ಚಹಾ ಕೊಟ್ಟು ಗೌರವಿಸುವುದು ನಮ್ಮ ಊರಿನ ಮರ್ಯಾದೆ, ಅದನ್ನು ಬಿಡಬೇಕಾಗಿಲ್ಲ. ಆದರೆ ಚಹಾದ ಲೋಟವನ್ನು ಕೆಳಗಿಟ್ಟ ಮೇಲೆ ಮನೆಯವರು ಮನೆಯ ಹಿಂದಿನ ತೋಡನ್ನು ತೋರಿಸಿ, ‘ಇದರ ಬಗ್ಗೆ ತಾವು ಏನು ಮಾಡುವಿರಿ, ಯಾರೊಡನೆ ಮಾತಾಡುವಿರಿ, ಆಗದಿದ್ದರೆ ನಮಗೆ ಬಂದು ತಿಳಿಸುವಿರೋ?’ ಎಂದು ಕೇಳಲಿ. ಕೇಳುವ ಧ್ವನಿಯಲ್ಲಿ ಒರಟುತನವೂ ಬೇಡ, ನಡುಕವೂ ಬೇಡ. ಆ ಪ್ರಶ್ನೆಯನ್ನು ಕೇಳಿ ಹುಬ್ಬು ಗಂಟಿಕ್ಕುವವರಿಗೆ ನಮಸ್ಕಾರ ಹೇಳಿ ಕಳುಹಿಸೋಣ. ಚಪ್ಪಲಿಯನ್ನು ಮೆಟ್ಟಿಕೊಂಡು, ‘ನಡೆಯಿರಿ, ನೋಡೋಣ’ ಎಂದು ಹಿತ್ತಿಲಿಗೆ ಬರುವವರು ಯಾವ ಇಲಾಖೆಯಿಂದ ನಿವೃತ್ತರಾಗಿದ್ದರೂ ನಮ್ಮ ಮತಕ್ಕೆ ಪಾತ್ರರು.